ಕೋಲಾ ಮರದಿಂದ ಇಳಿದಾಗ: ಕಾಡು ಕೋಲಾಗಳನ್ನು ಬೀದಿಯವರೇ ಸೇರಿ ಕಾಪಾಡುವುದು ಹೇಗೆ?

ನಮ್ಮ ಕಡೆ ನೀಲಗಿರಿ ಮರ ಅಂದರೆ ಯಾರಿಗೂ ಅಷ್ಟಾಗಿ ಸೇರುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರದ ರೈತರನ್ನು ಕೇಳಿದರೆ ಬೋರ್‌ವೆಲ್ ಬತ್ತಿಸಿದ ಮರ ಅಂತಲೇ ಹೇಳುತ್ತಾರೆ. 2017ರಲ್ಲಿ ಕರ್ನಾಟಕ ಸರ್ಕಾರವೂ ಹೊಸದಾಗಿ ನೀಲಗಿರಿ ನೆಡಬಾರದು ಅಂತ ಆದೇಶ ಮಾಡಿತು. ನಾನೂ ಅದೇ ಮನಸ್ಸು ಹೊತ್ತುಕೊಂಡು ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಬಂದವಳು. ನಮ್ಮಲ್ಲಿ ಮೈಸೂರು ಗಮ್ ಅಂತ ಸಾಲುಸಾಲಾಗಿ ನೆಟ್ಟ ಮರ ಇಲ್ಲಿನ ಫಾರೆಸ್ಟ್ ರೆಡ್ ಗಮ್ ಅನ್ನುವ ನೀಲಗಿರಿ ಬಳಗದ್ದೇ ಅಂತ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು. ಅದರ ಎಲೆ ಕೋಲಾಗೆ ಮುದ್ದೆ ಇದ್ದ ಹಾಗೆ. ಮರವನ್ನು ಅದರ ತವರಲ್ಲಿ ನೋಡಿದ ಮೇಲೆ ನನ್ನ ಸಿಟ್ಟು ಇಳಿಯಿತು.

ಕೋಲಾ ಕರಡಿ ಜಾತಿಯದ್ದಲ್ಲ. ಕಾಂಗರೂ ಹಾಗೆ ಹೊಟ್ಟೆಚೀಲದ ಪ್ರಾಣಿ. ಮರಿ ಸುಮಾರು 6 ತಿಂಗಳು ತಾಯಿಯ ಚೀಲದಲ್ಲೇ ಇರುತ್ತದೆ. ಆಮೇಲೆ ಒಂದು ವರ್ಷ ತುಂಬುವವರೆಗೂ ಅವಳ ಬೆನ್ನಿಗೆ ಅಂಟಿಕೊಂಡೇ ಓಡಾಡುತ್ತದೆ. ದೊಡ್ಡ ಕೋಲಾ ದಿನಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಎಲೆ ತಿಂದು 18ರಿಂದ 20 ಗಂಟೆ ಮಲಗುತ್ತದೆ. ಅದನ್ನು ಸೋಮಾರಿ ಅನ್ನಬೇಡಿ. ಆ ಎಲೆಯಲ್ಲಿ ಸತ್ವ ಕಡಿಮೆ, ವಿಷದ ಅಂಶ ಜಾಸ್ತಿ. ಅರಗಿಸಿಕೊಳ್ಳುವುದಕ್ಕೇ ಅದರ ಶಕ್ತಿಯೆಲ್ಲ ಹೋಗುತ್ತದೆ.

ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ಕ್ಯಾನ್‌ಬೆರಾ ಸುತ್ತಲಿನ ಕೋಲಾಗಳನ್ನು 2022ರ ಫೆಬ್ರವರಿಯಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಅದಕ್ಕೂ ಮೊದಲೇ, 2020ರಲ್ಲಿ, ನ್ಯೂ ಸೌತ್ ವೇಲ್ಸ್ ಸಂಸತ್ತಿನ ಸಮಿತಿ ಒಂದು ಎಚ್ಚರಿಕೆ ಕೊಟ್ಟಿತ್ತು. ಸುಮ್ನೆ ಕೂತರೆ 2050ಕ್ಕೆ ಮುಂಚೆಯೇ ಆ ರಾಜ್ಯದ ಕಾಡುಗಳಲ್ಲಿ ಕೋಲಾ ಇರುವುದಿಲ್ಲ ಅಂತ. ಕಾಡು ಕಡಿದದ್ದು, ಬೆಂಕಿ, ರೋಗ, ಎಲ್ಲವೂ ಕಾರಣವೇ. ಆದರೆ ಊರಂಚಿನ ಬಡಾವಣೆಗಳಲ್ಲಿ ಕಷ್ಟ ಶುರುವಾಗುವುದು ಕೋಲಾ ಮರದಿಂದ ಕೆಳಗೆ ಇಳಿದಾಗ. ಮೊದಲೆಲ್ಲ ಒತ್ತಾಗಿದ್ದ ಮರಗಳು ಈಗ ದೂರ ದೂರ. ಒಂದು ಮರದಿಂದ ಇನ್ನೊಂದಕ್ಕೆ ಹೋಗಬೇಕಾದರೆ ನೆಲದ ಮೇಲೆ ನಡೆಯಲೇಬೇಕು. ಆ ದಾರಿಯಲ್ಲಿ ರಸ್ತೆ, ನಾಯಿ, ಬೇಲಿ, ಈಜುಕೊಳ ಎಲ್ಲ ಎದುರಾಗುತ್ತವೆ. ಮರದಿಂದ ಮರಕ್ಕಿರುವ ಆ ಐವತ್ತು ನೂರು ಹೆಜ್ಜೆಯನ್ನು ಸಲೀಸು ಮಾಡಿಕೊಡುವುದು ಸರ್ಕಾರಕ್ಕಿಂತ ಆ ಬೀದಿಯಲ್ಲಿ ಇರುವವರ ಕೈಯಲ್ಲೇ ಜಾಸ್ತಿ ಇದೆ.

ಹಂತ 1: ಮೇಲೆ ನೋಡುವ ಮೊದಲು ಮರದ ಬುಡ ನೋಡಿ

ನಿಮ್ಮ ಸುತ್ತಮುತ್ತ ಕೋಲಾ ಇದೆಯೋ ಇಲ್ಲವೋ ಅಂತ ಮೊದಲು ತಿಳಿಯಬೇಕು. ಕತ್ತೆತ್ತಿ ಹುಡುಕಿದರೆ ಕಾಣುವುದು ಕಷ್ಟ. ಕೊಂಬೆ ಕವಲೊಡೆದ ಜಾಗದಲ್ಲಿ ಮುದುಡಿ ಕೂತರೆ ಅದೂ ಮರದ ಗಂಟಿನ ಹಾಗೇ ಕಾಣುತ್ತದೆ. ಗುಟ್ಟು ಬಿಟ್ಟುಕೊಡುವುದು ಅದರ ಹಿಕ್ಕೆ.

ಕೋಲಾ ಹಿಕ್ಕೆ ಹೆಚ್ಚುಕಡಿಮೆ ಖರ್ಜೂರದ ಬೀಜದಷ್ಟಿರುತ್ತದೆ. ತುದಿಗಳು ಮೊಂಡು, ಮೈಮೇಲೆ ಉದ್ದುದ್ದ ಸಣ್ಣ ಗೆರೆ. ಹೊಸತಾದರೆ ಹಸಿರು ಬಣ್ಣ, ಸ್ವಲ್ಪ ಹೊಳಪು. ಹಳೆಯದು ಕಂದಾಗಿರುತ್ತದೆ. ಗ್ಲೌಸ್ ಹಾಕಿಕೊಂಡು ಒಂದನ್ನು ಮುರಿದು ನೋಡಿ. ಒಳಗೆ ನುಣ್ಣಗೆ ಅರೆದ ಎಲೆ ಇರುತ್ತದೆ. ಅದರಿಂದ ಬರುವ ವಾಸನೆ, ಚಿಕ್ಕಂದಿನಲ್ಲಿ ನೆಗಡಿಯಾದಾಗ ಅಜ್ಜಿ ಕರ್ಚೀಫಿಗೆ ಎರಡು ಹನಿ ಹಾಕಿ ಕೊಡುತ್ತಿದ್ದ ನೀಲಗಿರಿ ಎಣ್ಣೆಯದ್ದೇ. ಮೊದಲ ಸಲ ಮೂಸಿದಾಗ ನಾನು ಒಂದು ಗಳಿಗೆ ಊರಲ್ಲೇ ಇದ್ದೆ. ನುಣುಪು ತೊಗಟೆಯ ಮರವಾದರೆ ಉಗುರಿನ ಗೀರುಗಳೂ ಕಾಣುತ್ತವೆ. ಆದರೆ ಪಾಸಮ್ ಅನ್ನುವ, ಮರ ಹತ್ತುವ ಇನ್ನೊಂದು ಹೊಟ್ಟೆಚೀಲದ ಪ್ರಾಣಿ ಕೂಡ ಗೀರುತ್ತದೆ. ಅದಕ್ಕೇ ಗೀರು ಒಂದನ್ನೇ ನಂಬಬೇಡಿ.

ಈಗ ಇದನ್ನು ಲೆಕ್ಕವಾಗಿ ಮಾಡಿ. ಇಲ್ಲಿನ ಸರ್ವೆಯವರು ಬಳಸುವ ಒಂದು ವಿಧಾನ ಯಾರು ಬೇಕಾದರೂ ಕಲಿಯುವಷ್ಟು ಸರಳ. ಒಂದು ಮರ ಆರಿಸಿ. ಅದನ್ನೂ ಸೇರಿಸಿ ಹತ್ತಿರದ 30 ಮರ ಗುರುತು ಮಾಡಿ. ಪ್ರತಿ ಮರದ ಬುಡದ ಸುತ್ತ 1 ಮೀಟರ್ ಜಾಗವನ್ನು, ಎಲೆ ಕಸ ಸರಿಸಿ, ಹೆಚ್ಚೆಂದರೆ 2 ನಿಮಿಷ ಹುಡುಕಿ. ಒಂದೇ ಒಂದು ಹಿಕ್ಕೆ ಸಿಕ್ಕರೂ ಆ ಮರದ ಹೆಸರಿನ ಮುಂದೆ ಹೌದು ಅಂತ ಬರೆದು ಮುಂದಿನ ಮರಕ್ಕೆ ಹೋಗಿ. 30ರಲ್ಲಿ 9 ಮರಕ್ಕೆ ಹೌದು ಬಂದರೆ, ನೂರಕ್ಕೆ 30 ಮರದಲ್ಲಿ ಕೋಲಾ ಗುರುತು ಇದೆ ಅಂತ ಲೆಕ್ಕ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಅವರ ಕಣ್ಣು ನಮಗಿಂತ ಚುರುಕು.

ಕಣ್ಣಾರೆ ಕಂಡ ಕೋಲಾವನ್ನೂ ದಾಖಲಿಸಿ. ಕ್ವೀನ್ಸ್‌ಲ್ಯಾಂಡಿನವರಿಗೆ ಕ್ಯೂವೈಲ್ಡ್‌ಲೈಫ್, ನ್ಯೂ ಸೌತ್ ವೇಲ್ಸ್‌ನವರಿಗೆ ಐ ಸ್ಪೈ ಕೋಲಾ ಅನ್ನುವ ಆ್ಯಪ್‌ಗಳಿವೆ. ಐನ್ಯಾಚುರಲಿಸ್ಟ್ ಎಲ್ಲ ಕಡೆಗೂ ಆಗುತ್ತದೆ. ದಿನ, ಹೊತ್ತು, ಜಾಗ, ಮರ ಯಾವುದು, ಬೆನ್ನ ಮೇಲೆ ಮರಿ ಇತ್ತಾ, ಇಷ್ಟು ಸಾಕು. ರಾತ್ರಿ ಫ್ಲ್ಯಾಶ್ ಹಾಕಿ ಫೋಟೋ ತೆಗೆಯಬೇಡಿ. ಗಂಡು ಕೋಲಾ ಕೂಗುವುದನ್ನೂ ಬರೆದಿಡಿ. ನೋಡಿದರೆ ಗೊಂಬೆ ಥರ ಇರುವ ಪ್ರಾಣಿಯ ಗಂಟಲಿಂದ ಹಂದಿ ಗುಟುರು ಹಾಕಿದ ಹಾಗೆ, ಹಳೆ ಬೈಕ್ ಸ್ಟಾರ್ಟ್ ಮಾಡಿದ ಹಾಗೆ ಒಂದು ಸದ್ದು ಬರುತ್ತದೆ. ಗೊತ್ತಿಲ್ಲದವರು ಹೆದರುತ್ತಾರೆ.

ಒಂದು ಮಾತು. ಎಲ್ಲ ಕಡೆ ಪರಿಸ್ಥಿತಿ ಒಂದೇ ಅಲ್ಲ. ವಿಕ್ಟೋರಿಯಾದ ಕೇಪ್ ಆಟ್ವೇ ಥರದ ಕಡೆ ಕೋಲಾಗಳೇ ಜಾಸ್ತಿಯಾಗಿ, ಮ್ಯಾನಾ ಗಮ್ ಅನ್ನುವ ನೀಲಗಿರಿ ಮರಗಳನ್ನು ಬೋಳು ಮಾಡಿ, ಕೊನೆಗೆ ಹಸಿವಿನಿಂದ ಸತ್ತದ್ದೂ ಇದೆ. ಹಾಗಾಗಿ ನಿಮ್ಮ ಜಾಗದ ತೊಂದರೆ ಯಾವುದು ಅಂತ ತಿಳಿದೇ ಮುಂದೆ ಹೋಗಿ.

ಹಂತ 2: ನಾಯಿ, ಬೇಲಿ, ಕೊಳ

ಇದಕ್ಕೆ ದುಡ್ಡು ಬೇಕಿಲ್ಲ, ಅಕ್ಕಪಕ್ಕದವರ ಸ್ನೇಹ ಬೇಕು. ಬೀದಿಯ ಹತ್ತು ಮನೆಯವರು ಒಪ್ಪಿದರೂ ದೊಡ್ಡ ಕೆಲಸ.

ಕೋಲಾ ನೆಲಕ್ಕಿಳಿದು ಓಡಾಡುವುದು ಹೆಚ್ಚಾಗಿ ಕತ್ತಲಾದ ಮೇಲೆ. ಸುಮಾರು ಜುಲೈಯಿಂದ ಜನವರಿವರೆಗೆ ಬೆದೆಯ ಕಾಲ, ಆಗಂತೂ ಓಡಾಟ ಜಾಸ್ತಿ. ಪ್ರಾಯಕ್ಕೆ ಬಂದ ಗಂಡುಗಳು ಹೊಸ ಜಾಗ ಹುಡುಕಿಕೊಂಡು ಹೊರಡುವುದೂ ಆಗಲೇ. ಆ ತಿಂಗಳುಗಳಲ್ಲಿ ನಾಯಿಯನ್ನು ಸಂಜೆಯಿಂದ ಬೆಳಗಿನವರೆಗೆ ಮನೆಯೊಳಗೋ, ಗ್ಯಾರೇಜಿನಲ್ಲೋ ಮಲಗಿಸಿ. 'ನಮ್ಮ ನಾಯಿ ಸಾಧು, ಏನೂ ಮಾಡಲ್ಲ' ಅಂತ ಎಲ್ಲರೂ ಹೇಳುತ್ತಾರೆ. ಸಾಧು ನಾಯಿ ಆಟಕ್ಕೆ ಬಾಯಿ ಹಾಕಿದರೂ ಸಾಕು. ಹೊರಗೆ ಒಂದು ಸಣ್ಣ ತೂತು ಕಾಣುತ್ತದೆ, ಒಳಗೆ ಪೆಟ್ಟು ಆಳವಾಗಿರುತ್ತದೆ, ಆಮೇಲೆ ನಂಜಾಗುತ್ತದೆ. ನಾಯಿ ಕಚ್ಚಿದ ಕೋಲಾ ಎದ್ದು ಮರ ಹತ್ತಿತು ಅಂತ ಸುಮ್ಮನಾಗಬೇಡಿ, ಫೋನ್ ಮಾಡಿ.

ನುಣುಪಾದ ತಗಡಿನ ಬೇಲಿ ಕೋಲಾಗೆ ಗೋಡೆ ಇದ್ದ ಹಾಗೆ. ಉಗುರು ಊರುವುದಕ್ಕೆ ಏನೂ ಸಿಗುವುದಿಲ್ಲ. ಅಂಗಳದೊಳಗೆ ಸಿಕ್ಕಿಬಿದ್ದರೆ ನಾಯಿಯಿಂದ ತಪ್ಪಿಸಿಕೊಳ್ಳುವುದಕ್ಕೂ ದಾರಿಯಿಲ್ಲ. ಬೇಲಿಯ ಎರಡೂ ಬದಿಗೆ ಒಂದು ಗೇಣು ಅಗಲದ ಒರಟು ಹಲಗೆಯನ್ನು ಓರೆಯಾಗಿ ಒರಗಿಸಿ ಗಟ್ಟಿಯಾಗಿ ಕಟ್ಟಿ. ಅದೇ ಏಣಿ. ಹೊಸ ಬೇಲಿ ಹಾಕುವವರು, ನಾಯಿ ಇಲ್ಲದ ಮನೆಯವರಾದರೆ, ಕೆಳಗೆ ಸುಮಾರು 30 ಸೆಂಟಿಮೀಟರ್ ಜಾಗ ಬಿಟ್ಟರೆ ಇನ್ನೂ ಒಳ್ಳೆಯದು. ಮುಳ್ಳುತಂತಿ ಬೇಡವೇ ಬೇಡ.

ಕೋಲಾ ಈಜುತ್ತದೆ, ಆದರೆ ಟೈಲ್ಸ್ ಗೋಡೆ ಹತ್ತಿ ಹೊರಗೆ ಬರಲಾರದು. ಸುಸ್ತಾಗಿ ಮುಳುಗುತ್ತದೆ. ಒಂದು ದಪ್ಪ ಹಗ್ಗವನ್ನು ಗಟ್ಟಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಗೆ ತೇಲುವ ವಸ್ತು ಕಟ್ಟಿ ನೀರಿಗೆ ಬಿಡಿ. ಅಷ್ಟು ಇದ್ದರೆ ಹಿಡಿದು ಹತ್ತಿ ಬರುತ್ತದೆ.

ಹಂತ 3: ರಸ್ತೆ

ನಾವು ಮಾಡಬಹುದಾದ ಮೊದಲ ಕೆಲಸ, ಕತ್ತಲಲ್ಲಿ ಗಾಡಿ ನಿಧಾನ ಓಡಿಸುವುದು. ಎರಡನೆಯದು, ಕೋಲಾ ದಾಟುವ ಜಾಗ ಯಾವುದು ಅಂತ ಬರೆದಿಡುವುದು. ಸತ್ತ ಕೋಲಾ ಕಂಡರೆ ಅದನ್ನೂ ವರದಿ ಮಾಡಿ. ಎರಡು ಮೂರು ವರ್ಷದ ಪಟ್ಟಿ ಕೈಯಲ್ಲಿದ್ದರೆ, ವೇಗ ಇಳಿಸಿ, ಬೋರ್ಡ್ ಹಾಕಿ ಅಂತ ಕೌನ್ಸಿಲ್ (ಇಲ್ಲಿನ ನಗರಸಭೆ) ಮುಂದೆ ಕೇಳುವಾಗ ಮಾತಿಗೆ ತೂಕ ಬರುತ್ತದೆ. ದೊಡ್ಡ ರಸ್ತೆಯಾದರೆ ಬೋರ್ಡ್ ಸಾಲುವುದಿಲ್ಲ. ರಸ್ತೆಯ ಕೆಳಗಿಂದ ಹಾದುಹೋಗುವ ಅಡಿದಾರಿಯೂ ಬೇಕು, ಕೋಲಾವನ್ನು ಅದರ ಕಡೆಗೆ ತಿರುಗಿಸುವ ಬೇಲಿಯೂ ಬೇಕು. ಬೇಲಿಯಿಲ್ಲದ ಅಡಿದಾರಿಗೆ ಅರ್ಥವಿಲ್ಲ. ಕೋಲಾ ಅದನ್ನು ಹುಡುಕಿಕೊಂಡು ಬರುವುದಿಲ್ಲ, ನೇರ ರಸ್ತೆಗೇ ಇಳಿಯುತ್ತದೆ. ಸಿಡ್ನಿಯ ಕ್ಯಾಂಪ್‌ಬೆಲ್‌ಟೌನ್ ಹತ್ತಿರದ ಆ್ಯಪಿನ್ ರಸ್ತೆಗೆ ಇಂಥ ದಾರಿ ಬೇಕು ಅಂತ ಅಲ್ಲಿನ ಜನ ವರ್ಷಗಟ್ಟಲೆ ಬೆನ್ನು ಹತ್ತಿದ್ದಾರೆ.

ಹಂತ 4: ಗಾಯಗೊಂಡ ಕೋಲಾ ಕಂಡರೆ

ಇದನ್ನು ಬೀದಿಯ ಪ್ರತಿಯೊಬ್ಬರೂ ಕಲಿತಿರಬೇಕು. ಈ ನಂಬರ್‌ಗಳನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ: ನ್ಯೂ ಸೌತ್ ವೇಲ್ಸ್‌ನಲ್ಲಿ ಕಾಡುಪ್ರಾಣಿ ಕಾಪಾಡುವ ವೈರ್ಸ್ ಸಂಸ್ಥೆ 1300 094 737, ಕ್ವೀನ್ಸ್‌ಲ್ಯಾಂಡಿನಲ್ಲಿ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ 1300 264 625. ನಿಮ್ಮ ಊರಿನ ಕೋಲಾ ಗುಂಪಿನ ನಂಬರ್ ಇದ್ದರೆ ಅದನ್ನೇ ಮೊದಲು ಹಚ್ಚಿ.

ಮೊದಲು ನೋಡಬೇಕಾದದ್ದು, ಸಹಾಯ ನಿಜಕ್ಕೂ ಬೇಕಾ ಅಂತ. ಹಗಲಲ್ಲಿ ಬೀದಿ ಮರದಲ್ಲಿ ನಿದ್ದೆ ಮಾಡುತ್ತಿರುವ ಕೋಲಾಗೆ ಏನೂ ಆಗಿಲ್ಲ, ಅದರ ಪಾಡಿಗೆ ಬಿಡಿ. ನೆಲದ ಮೇಲೆ ಚುರುಕಾಗಿ ನಡೆದು ಹೋಗುತ್ತಿದ್ದರೆ ನಾಯಿಗಳನ್ನು ಹಿಡಿದುಕೊಂಡು, ಜನರನ್ನು ದೂರ ನಿಲ್ಲಿಸಿ, ದಾರಿ ಬಿಡಿ. ಆದರೆ ಕಣ್ಣು ಕೆಂಪಾಗಿ ಪಿಸುರು ಕಟ್ಟಿದ್ದರೆ, ಹಿಂಭಾಗ ಒದ್ದೆಯಾಗಿ ಕಂದು ಕಲೆಯಾಗಿದ್ದರೆ, ಹಗಲೆಲ್ಲ ಮರದ ಬುಡದಲ್ಲೇ ಕೂತಿದ್ದರೆ, ಮೂಳೆ ಕಾಣುವಷ್ಟು ಬಡಕಲಾಗಿದ್ದರೆ ತಕ್ಷಣ ಫೋನ್ ಮಾಡಿ. ಕೆಂಪು ಕಣ್ಣು, ಒದ್ದೆ ಹಿಂಭಾಗ ಹೆಚ್ಚಾಗಿ ಕ್ಲಮಿಡಿಯಾ ರೋಗದ ಗುರುತು. ಕುರುಡಾಗುವುದು, ಮರಿಯಾಗದಿರುವುದು, ಕೊನೆಗೆ ಸಾವು, ಎಲ್ಲಕ್ಕೂ ಅದೇ ಕಾರಣವಾಗುತ್ತದೆ. ಬೇಗ ಸಿಕ್ಕರೆ ಚಿಕಿತ್ಸೆ ಇದೆ. ಸನ್‌ಶೈನ್ ಕೋಸ್ಟ್ ವಿಶ್ವವಿದ್ಯಾಲಯದವರು ವರ್ಷಗಟ್ಟಲೆ ದುಡಿದು ಮಾಡಿದ, ಒಂದೇ ಸಲ ಕೊಟ್ಟರೆ ಸಾಕಾಗುವ ಲಸಿಕೆಗೆ 2025ರ ಸೆಪ್ಟೆಂಬರಿನಲ್ಲಿ ಅನುಮತಿಯೂ ಸಿಕ್ಕಿತು. ಆ ಸುದ್ದಿ ಓದಿದ ದಿನ ನಮ್ಮ ಗುಂಪಿನಲ್ಲಿ ಎಲ್ಲರಿಗೂ ಹಬ್ಬ.

ಗಾಡಿಗೆ ಸಿಕ್ಕಿ ಬಿದ್ದಿದ್ದರೆ, ಮೊದಲು ನಿಮ್ಮ ಗಾಡಿಯನ್ನು ಸುರಕ್ಷಿತವಾಗಿ ಬದಿಗೆ ನಿಲ್ಲಿಸಿ. ಹಜಾರ್ಡ್ ಲೈಟ್ ಹಾಕಿ. ಫೋನ್ ಮಾಡಿ, ಅವರು ಹೇಳಿದಂತೆ ಮಾಡಿ. ಕಾಯುವಾಗ ಕೋಲಾ ಎದ್ದು ಹೋಗದಂತೆ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿ, ಮೇಲೊಂದು ಟವೆಲ್ ಹೊದಿಸಿ. ಕತ್ತಲು ಮತ್ತು ನಿಶ್ಶಬ್ದ, ಆ ಹೊತ್ತಿಗೆ ಅದಕ್ಕೆ ಬೇಕಾದದ್ದು ಇಷ್ಟೇ. ಕೂಸಿನ ಥರ ಎತ್ತಿಕೊಳ್ಳಲು ಹೋಗಬೇಡಿ. ಉಗುರು ಚೂಪು, ಕಚ್ಚಿದರೆ ಆಳಕ್ಕೆ ಇಳಿಯುತ್ತದೆ. ತಿನ್ನಲು ಏನೂ ಕೊಡಬೇಡಿ.

ನೀರಿನ ವಿಷಯ ಒತ್ತಿ ಹೇಳಬೇಕು. ಕಾಳ್ಗಿಚ್ಚಿನ ಸಮಯದಲ್ಲಿ ಬಾಟಲಿಯಿಂದ ಕೋಲಾಗೆ ನೀರು ಕುಡಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಮನಸ್ಸು ಕರಗುತ್ತದೆ. ಆದರೆ ತಲೆ ಮೇಲೆತ್ತಿ ಕುಡಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ, ಅದರಿಂದಲೇ ಸಾಯಬಹುದು. ನೀರು ಕೊಡಲೇಬೇಕು ಅನಿಸಿದರೆ ಬಟ್ಟಲಲ್ಲಿ ಹಾಕಿ ನೆಲದ ಮೇಲಿಟ್ಟು ಹಿಂದೆ ಸರಿಯಿರಿ. ನಾಲ್ಕು ಕಾಲ ಮೇಲೆ ನಿಂತು, ತಲೆ ಬಗ್ಗಿಸಿ ಅದೇ ಕುಡಿಯಲಿ.

ತಾಯಿ ಸತ್ತಿದ್ದರೂ ಚೀಲದಲ್ಲಿ ಮರಿ ಬದುಕಿರಬಹುದು. ಫೋನಿನಲ್ಲಿ ಅದನ್ನು ಹೇಳಿ. ಮರಿಯನ್ನು ಎಳೆಯಬೇಡಿ. ಚಿಕ್ಕ ಮರಿಯ ಬಾಯಿ ತಾಯಿಯ ಮೊಲೆತೊಟ್ಟಿಗೆ ಕಚ್ಚಿಕೊಂಡೇ ಇರುತ್ತದೆ, ಎಳೆದರೆ ಬಾಯಿಗೆ ಗಾಯವಾಗುತ್ತದೆ. ತಾಯಿಯ ಜೊತೆಗೇ ಆಸ್ಪತ್ರೆಗೆ ಹೋಗಲಿ. ಮನೆಯಲ್ಲಿ ಸಾಕುತ್ತೇನೆ ಅನ್ನುವ ಆಸೆ ಬೇಡ. ಪರವಾನಗಿ ಇಲ್ಲದೆ ಸಾಕುವುದು ಅಪರಾಧ, ಸಾಕಲು ಬರುವುದೂ ಇಲ್ಲ.

ಕಲಿಯುವ ಆಸೆಯಿದ್ದರೆ ಬೇರೆ ದಾರಿಗಳಿವೆ. ಪೋರ್ಟ್ ಮ್ಯಾಕ್ವಾರಿಯ ಕೋಲಾ ಆಸ್ಪತ್ರೆ 1973ರಿಂದ ನಡೆಯುತ್ತಿದೆ. ಲಿಸ್ಮೋರ್‌ನ ಫ್ರೆಂಡ್ಸ್ ಆಫ್ ದ ಕೋಲಾ 1986ರಲ್ಲಿ ಶುರುವಾದದ್ದು. ಎರಡೂ ಕಡೆ ಎಲೆ ಕೊಯ್ದು ತರುವವರಿಂದ ಹಿಡಿದು ನೆಲ ಒರೆಸುವವರವರೆಗೆ ಸ್ವಯಂಸೇವಕರು ದುಡಿಯುತ್ತಾರೆ. ದಿನಾ ಹೊಸ ಎಲೆ ತರುವ ಕೆಲಸ ಚಿಕ್ಕದಲ್ಲ. ಒಂದು ಮರದ ಎಲೆ ನಿನ್ನೆ ತಿಂದ ಕೋಲಾ ಇವತ್ತು ಮೂಸಿ ಪಕ್ಕಕ್ಕೆ ತಳ್ಳಬಹುದು.

ಹಂತ 5: ಮರ ನೆಡುವುದು, ಅದಕ್ಕಿಂತ ಮೊದಲು ಇರುವ ಮರ ಉಳಿಸುವುದು

ನೂರು ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಸುಲಭ. ಆದರೆ ಒಂದು ದೊಡ್ಡ ಮರ ಕೊಡುವ ಎಲೆ, ನೆರಳು ಆ ಸಸಿಗಳಿಂದ ಬರಬೇಕಾದರೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೇ ಬೀದಿಯ ಹಳೆ ಮರಗಳ ಪಟ್ಟಿ ಮೊದಲು ಆಗಲಿ. ಯಾವುದು ಯಾರ ಜಾಗದಲ್ಲಿದೆ, ಯಾವುದಕ್ಕೆ ಕೊಡಲಿ ಬೀಳುವ ಸಾಧ್ಯತೆ ಇದೆ ಅಂತ ಗೊತ್ತಿರಲಿ.

ನೆಡುವಾಗ ಯಾವುದೋ ಒಂದು ನೀಲಗಿರಿ ಅಂತ ತರಬೇಡಿ. ನೂರಾರು ಜಾತಿ ಇವೆ, ಒಂದೊಂದು ಊರಿನ ಕೋಲಾ ಅದರಲ್ಲಿ ಕೆಲವನ್ನು ಮಾತ್ರ ಇಷ್ಟಪಟ್ಟು ತಿನ್ನುತ್ತದೆ. ಕ್ವೀನ್ಸ್‌ಲ್ಯಾಂಡಿನ ಆಗ್ನೇಯ ಭಾಗ ಮತ್ತು ನ್ಯೂ ಸೌತ್ ವೇಲ್ಸ್‌ನ ಉತ್ತರ ಕರಾವಳಿಯಲ್ಲಿ ಫಾರೆಸ್ಟ್ ರೆಡ್ ಗಮ್, ಟ್ಯಾಲೋವುಡ್, ಸ್ವಾಂಪ್ ಮಹೋಗನಿ. ವಿಕ್ಟೋರಿಯಾದಲ್ಲಿ ಮ್ಯಾನಾ ಗಮ್, ರಿವರ್ ರೆಡ್ ಗಮ್. ಊರಿನದೇ ಬೀಜದಿಂದ ಎಬ್ಬಿಸಿದ ಸಸಿಗಳನ್ನು ಸ್ಥಳೀಯ ನರ್ಸರಿಯಿಂದ ತನ್ನಿ. ಬಿಸಿಲಲ್ಲಿ ತಂಪಾಗಿ ಕೂರಲು ದಟ್ಟ ನೆರಳಿನ ಬೇರೆ ಮರಗಳೂ ಮಧ್ಯೆ ಇರಲಿ. ಎರಡು ಕಾಡುತುಂಡುಗಳ ನಡುವೆ, ಹಳ್ಳದ ದಂಡೆಗುಂಟ, ದಾರಿಯ ಹಾಗೆ ನೆಟ್ಟರೆ ಕೋಲಾ ನೆಲದ ಮೇಲೆ ನಡೆಯುವ ದೂರ ಕಡಿಮೆಯಾಗುತ್ತದೆ. ಮನೆ ಗೋಡೆ, ಕರೆಂಟ್ ತಂತಿ, ಡ್ರೈನೇಜ್ ಪೈಪಿನಿಂದ ದೂರ ಇಡಿ, ಇವು ದೊಡ್ಡ ಮರಗಳು.

ಗುಂಡಿ ತೋಡಿ ಸಸಿ ಇಟ್ಟು ಬುಡಕ್ಕೆ ಹೊದಿಕೆ ಹಾಕಿ. ವಾಲಬಿ (ಚಿಕ್ಕ ಕಾಂಗರೂ), ಮೊಲ ತಿನ್ನದಂತೆ ಸುತ್ತ ಕಾಪು ಕಟ್ಟಿ. ಮೊದಲ ಬೇಸಿಗೆಗೆ ನೀರು ಹಾಕುವ ಪಾಳಿ ಪಟ್ಟಿ ನೆಡುವ ದಿನವೇ ಸಿದ್ಧವಾಗಲಿ. ಸಸಿ ಸಾಯುವುದು ಹೆಚ್ಚಾಗಿ ನೆಟ್ಟವರು ಮರೆತಾಗ. ಕಳೆಯನ್ನೂ ಬಿಡಬೇಡಿ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದಲ್ಲಿ ನಮ್ಮನ್ನು ಕಾಡುತ್ತಿರುವ ಲಂಟಾನ ಇಲ್ಲೂ ಅದೇ ಕಾಟ ಕೊಡುತ್ತಿದೆ. ಅದರ ಪೊದೆ ಬೆಳೆದ ಕಡೆ ಹೊಸ ಮರ ಹುಟ್ಟುವುದಿಲ್ಲ, ಕೋಲಾಗೆ ನುಸುಳಲೂ ಆಗುವುದಿಲ್ಲ. ಮೆಲ್ಬರ್ನ್ ಹತ್ತಿರದ ಯೂ ಯಾಂಗ್ಸ್ ಬೆಟ್ಟದಲ್ಲಿ ಕೋಲಾ ಕ್ಲಾನ್ಸಿ ಫೌಂಡೇಶನ್ ಜೊತೆ ಜನ ಹೋಗಿ ಬೋನ್‌ಸೀಡ್ ಅನ್ನುವ ಕಳೆ ಕೀಳುವುದೂ ಇದೇ ಕಾರಣಕ್ಕೆ. ಉತ್ತರ ನ್ಯೂ ಸೌತ್ ವೇಲ್ಸ್‌ನ ಬ್ಯಾಂಗಲೋ ಅನ್ನುವ ಪುಟ್ಟ ಊರಿನವರು ಬ್ಯಾಂಗಲೋ ಕೋಲಾಸ್ ಅಂತ ಗುಂಪು ಕಟ್ಟಿ, ರೈತರ ಜಮೀನುಗಳಲ್ಲಿ ಲಕ್ಷಗಟ್ಟಲೆ ಮರ ನೆಟ್ಟಿದ್ದಾರೆ.

ಹಂತ 6: ಬಿಸಿಲು, ಬೆಂಕಿ

ಕೋಲಾ ನೀರೇ ಕುಡಿಯುವುದಿಲ್ಲ ಅನ್ನುವುದು ತಪ್ಪು. ಎಲೆಯಿಂದಲೇ ಬಹುಪಾಲು ನೀರು ಸಿಗುತ್ತದೆ, ನಿಜ. ಮಳೆ ಬಂದಾಗ ನುಣುಪು ಕಾಂಡದ ಮೇಲೆ ಹರಿಯುವ ನೀರನ್ನು ನೆಕ್ಕಿ ಕುಡಿಯುತ್ತದೆ. ಬರದಲ್ಲಿ ಎಲೆ ಒಣಗಿದರೆ ಎರಡೂ ಇಲ್ಲ. 2009ರ ಬಿಸಿಗಾಳಿಗೆ ನ್ಯೂ ಸೌತ್ ವೇಲ್ಸ್‌ನ ಗನೆಡಾ ಪ್ರದೇಶದ ಕೋಲಾಗಳಲ್ಲಿ ನಾಲ್ಕರಲ್ಲಿ ಒಂದು ಸತ್ತಿತು ಅನ್ನುವ ಅಂದಾಜಿದೆ. ಆಮೇಲೆ ಅಲ್ಲಿ ಮರಗಳ ಹತ್ತಿರ ನೀರಿನ ತೊಟ್ಟಿ ಇಟ್ಟು ನೋಡಿದಾಗ ಕೋಲಾಗಳು ಬಂದು ಕುಡಿದವು. ನೀವೂ ಇಡಬಹುದು. ನಾಯಿಗೆ ಸಿಗದ ಜಾಗದಲ್ಲಿ, ಮರದ ಪಕ್ಕದಲ್ಲೇ ಇರಲಿ. ಸಣ್ಣ ಪ್ರಾಣಿ ಬಿದ್ದರೆ ಹತ್ತಿ ಬರಲು ಒಳಗೊಂದು ಕಡ್ಡಿ ಹಾಕಿ. ದಿನಾ ತೊಳೆದು ನೀರು ಬದಲಿಸಿ.

2019–20ರ ಬೆಂಕಿಯನ್ನು ಕಂಡವರು ಯಾರೂ ಮರೆತಿಲ್ಲ. ಬೆಂಕಿ ಇನ್ನೂ ಉರಿಯುವಾಗ ಹುಡುಕಲು ನುಗ್ಗಬೇಡಿ. ಆರಿದ ಮೇಲೂ ಅಧಿಕಾರಿಗಳ ಅನುಮತಿ ಸಿಕ್ಕ ನಂತರ, ತರಬೇತಿ ಇದ್ದವರ ಜೊತೆ ಹೋಗಿ. ತರಬೇತಿಯನ್ನು ಚಳಿಗಾಲದಲ್ಲೇ ಮುಗಿಸಿಕೊಂಡರೆ ಹೊತ್ತಿಗೆ ಆಗುತ್ತದೆ.

ಹಂತ 7: ಕೌನ್ಸಿಲ್ ಬಾಗಿಲು

ಹೊಸ ಬಡಾವಣೆ, ರಸ್ತೆಗಳ ಅರ್ಜಿಗಳು ಸಾರ್ವಜನಿಕರ ಅಭಿಪ್ರಾಯಕ್ಕೆ ಬಂದಾಗ ಕೆಲವು ವಾರ ಮಾತ್ರ ಸಮಯ ಇರುತ್ತದೆ. ಗುಂಪಿನಲ್ಲಿ ಒಬ್ಬರು ಆ ನೋಟಿಸ್‌ಗಳನ್ನು ವಾರಕ್ಕೊಮ್ಮೆ ನೋಡುವ ಹೊಣೆ ಹೊರಲಿ. 'ಕೋಲಾ ಪಾಪ, ಬಿಟ್ಟುಬಿಡಿ' ಅಂತ ಬರೆದರೆ ಸಾಲದು. 30 ಮರದ ಲೆಕ್ಕ, ದಿನಾಂಕ ಸಮೇತ ಫೋಟೋ, ರಸ್ತೆಯಲ್ಲಿ ಸತ್ತವುಗಳ ಪಟ್ಟಿ, ಇವನ್ನು ಜೊತೆಗಿಡಿ. ಬೇಡ ಅನ್ನುವುದರ ಜೊತೆಗೆ ಏನು ಬೇಕು ಅಂತಲೂ ಬರೆಯಿರಿ: ಈ ಆರು ಮರ ಉಳಿಯಲಿ, ಈ ಹಳ್ಳದ ದಂಡೆ ಬಿಡಿ, ಇಲ್ಲಿ ವೇಗ ಇಳಿಸಿ. ಕ್ವೀನ್ಸ್‌ಲ್ಯಾಂಡಿನಲ್ಲಿ 2020ರಿಂದ ಕೋಲಾ ನೆಲೆಯ ಸರ್ಕಾರಿ ನಕ್ಷೆಗಳಿವೆ. ನಿಮ್ಮ ಬೀದಿ ಅದರಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಜನ ಕೇಳಿದರೆ ಏನಾದರೂ ಆಗುತ್ತದಾ ಅಂತ ಕೇಳುವವರಿಗೆ ಎರಡು ಸಂಗತಿ ಹೇಳುತ್ತೇನೆ. 1927ರ ಆಗಸ್ಟಿನಲ್ಲಿ ಕ್ವೀನ್ಸ್‌ಲ್ಯಾಂಡ್ ಸರ್ಕಾರ ಚರ್ಮಕ್ಕಾಗಿ ಬೇಟೆಗೆ ಅನುಮತಿ ಕೊಟ್ಟಿತು. 5 ಲಕ್ಷಕ್ಕೂ ಜಾಸ್ತಿ ಕೋಲಾಗಳು ಸತ್ತವು. ದೇಶದಲ್ಲೆಲ್ಲ ಜನ ರೊಚ್ಚಿಗೆದ್ದರು. ಅಂಥ ಬೇಟೆ ಕ್ವೀನ್ಸ್‌ಲ್ಯಾಂಡಿನಲ್ಲಿ ಮತ್ತೆ ನಡೆಯಲಿಲ್ಲ. ಇನ್ನೊಂದು ಮೊನ್ನೆಮೊನ್ನೆಯದು. ಕಾಫ್ಸ್ ಹಾರ್ಬರ್ ಸುತ್ತಲಿನ ಕಾಡುಗಳನ್ನು ಸೇರಿಸಿ ಗ್ರೇಟ್ ಕೋಲಾ ರಾಷ್ಟ್ರೀಯ ಉದ್ಯಾನ ಮಾಡಿ ಅಂತ ಸ್ಥಳೀಯ ಗುಂಪುಗಳು ಹತ್ತು ವರ್ಷಕ್ಕೂ ಜಾಸ್ತಿ ಕೇಳುತ್ತಲೇ ಬಂದವು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ 1,76,000 ಹೆಕ್ಟೇರ್ ಸರ್ಕಾರಿ ಕಾಡಿನಲ್ಲಿ ಮರ ಕಡಿಯುವುದನ್ನು ನ್ಯೂ ಸೌತ್ ವೇಲ್ಸ್ ಸರ್ಕಾರ ನಿಲ್ಲಿಸಿತು.

ಶುರು ಮಾಡುವುದು ಎಲ್ಲಿಂದ ಅಂದರೆ, ಬರುವ ಭಾನುವಾರ ನಾಲ್ಕು ಮನೆಯವರನ್ನು ಟೀಗೆ ಕರೆಯಿರಿ. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲೂ ಒಂದು ಮಾತು ಹಾಕಿ, ಸಂಕ್ರಾಂತಿ, ಯುಗಾದಿಗೆ ಸೇರುವ ಜನ ಒಂದು ಬೆಳಗ್ಗೆ ಕಳೆ ಕೀಳಲೂ ಬರುತ್ತಾರೆ. ಟೀ ಆದ ಮೇಲೆ ಗ್ಲೌಸ್, ನೋಟ್‌ಪುಸ್ತಕ, ಪೆನ್ಸಿಲ್ ಹಿಡಿದು 30 ಮರಗಳ ಬುಡ ನೋಡಿ ಬನ್ನಿ. ಮರಗಳಿಗೆ ನಂಬರ್ ಕೊಟ್ಟಿಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಅದೇ ಮರಗಳನ್ನು ಮತ್ತೆ ನೋಡಬೇಕು.